ಕಾಲುವೆಗೆ ಬಿದ್ದ ಬುಲೆಟ್

ಕೋರ್ಟಿಗೆ ಒಯ್ಯುವ ಕಡತಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟುತ್ತಿದ್ದ ಗುಮಾಸ್ತ ಕಾಮಣ್ಣ ತಲೆ ಎತ್ತಿದಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಬಿಳಿ ಸೀರೆ, ಅತ್ತು ಅತ್ತು ಬಾತುಹೋದ ಕಣ್ಣು. ಚಪ್ಪಲಿಗೆ ಮೆತ್ತಿದ ಕರಿಮಣ್ಣು ನೋಡಿದರೆ ಹೊಳೆಯಾಚೆಯವಳೆಂದು ತಿಳಿಯುತ್ತಿತ್ತು.

“ವಕೀಲ ಅಕ್ಕಾರು ಅದಾರೇನ್ರಿ? ನಾ ಕಾಗವಾಡದಿಂದ ಬಂದೇನಿ, ದ್ರೌಪದಿ ಅಂತ. ನಮ್ಮ ಮನಿಯವರು ಗಾಡಿ ಸಮೇತ ಕಾಲುವ್ಯಾಗ ಬಿದ್ದು ಸತ್ರು ಅಂತ ಪೊಲೀಸರು ಬರಕೊಂಡಾರ. ಅವರು ಬಿದ್ದು ಸತ್ತಿಲ್ರಿ.”

ಒಳಗಿನಿಂದ ರಾಜಮತಿ ಬಂದು ಆಕೆಯನ್ನು ಕುರ್ಚಿಯ ಮೇಲೆ ಕೂರಿಸಿದರು. ಚಿಕ್ಕೋಡಿ ಕೋರ್ಟಿನಲ್ಲಿ ರಾಜಮತಿ ಬಹಳ ವರ್ಷಗಳಿಂದ ನಡೆಸುತ್ತಿದ್ದದ್ದು ಬರೀ ವಾಹನ ಅಪಘಾತದ ಕೇಸುಗಳು. ನಿಪ್ಪಾಣಿಯ ಹೆದ್ದಾರಿಯಿಂದ ಹಿಡಿದು ಅಥಣಿ, ರಾಯಬಾಗದ ಕಬ್ಬಿನ ದಾರಿಗಳವರೆಗೆ ಎಲ್ಲೇ ಗಾಡಿ ಮಗುಚಿದರೂ ಅದನ್ನು ಕೈಯಾರೆ ಮುಟ್ಟಿ ನೋಡದೆ ಅವರು ನ್ಯಾಯಾಧೀಶರ ಮುಂದೆ ಬಾಯಿ ತೆರೆದವರಲ್ಲ. ಹಾಗೆ ಮುಟ್ಟಿ ನೋಡುತ್ತಲೇ, ಅಪಘಾತವೆಂದು ಬರೆದಿಟ್ಟ ಕೆಲವು ಸಾವುಗಳು ಅಪಘಾತವಲ್ಲವೆಂದು ತೋರಿಸಿಕೊಟ್ಟಿದ್ದರು. ಪೊಲೀಸರಿಗೆ ಅವರನ್ನು ಕಂಡರೆ ಸ್ವಲ್ಪ ಸಿಟ್ಟು, ಸ್ವಲ್ಪ ಅಂಜಿಕೆ. ಕಾಮಣ್ಣನಿಗೆ ಮಾತ್ರ ಪೂರ್ತಿ ನಂಬಿಕೆ.

ದ್ರೌಪದಿ ಹೇಳಿದ್ದು ಇಷ್ಟು. ಆಕೆಯ ಗಂಡ ಜ್ಞಾನದೇವ ವಿದ್ಯುತ್ ಲೈನ್‌ಮನ್. ಹಿಂದೊಮ್ಮೆ ಕಂಬದ ಮೇಲೆ ಕರೆಂಟ್ ಹೊಡೆದು ಅವನ ಎಡಗೈಯ ಎರಡು ಬೆರಳು ಸುಟ್ಟುಹೋದವು. ಉಳಿದದ್ದು ಹೆಬ್ಬೆರಳು ಮತ್ತು ಕೊನೆಯ ಎರಡು ಬೆರಳು. ಆ ದಿನ ಅವನನ್ನು ತನ್ನ ಬುಲೆಟ್ ಮೇಲೆ ಹೇರಿಕೊಂಡು ಮಿರಜದ ದವಾಖಾನೆಗೆ ಒಯ್ದು ಜೀವ ಉಳಿಸಿದವನು ದ್ರಾಕ್ಷಿ ತೋಟದ ಮುರಗೆಪ್ಪ. ಮುಂದೆ ಜೀಪು ಕೊಂಡಾಗ ಮುರಗೆಪ್ಪ ಅದೇ ಬುಲೆಟ್ಟನ್ನು ಜ್ಞಾನದೇವನಿಗೆ ಕೊಟ್ಟುಬಿಟ್ಟ. ಈಗ ಮುರಗೆಪ್ಪ ಇಲ್ಲ. ತೋಟ ನೋಡಿಕೊಳ್ಳುವವರು ಅವನ ಹೆಂಡತಿ ಗಿರಿಜವ್ವ ಮತ್ತು ಮಗ ಅಮಿತ.

“ಮೊನ್ನೆ ಸಂಜಿಗೆ ಗಿರಿಜವ್ವಾರ ತ್ವಾಟಕ್ಕ ಹೋಗಿದ್ರು. ತಿರುಗಿ ಬರಲಿಲ್ಲ. ಮುಂಜಾನೆ ನೋಡಿದ್ರ ಕಾಲುವಿ ದಾಟೂ ಪೂಲಿನ ಕೆಳಗ ಕಲ್ಲಿನ ಮ್ಯಾಲ ಬಿದ್ದಿದ್ರು. ಬಾಜೂಕ ಗಾಡಿ.”

“ತಾವಾಗಿ ಬಿದ್ದಿಲ್ಲ ಅಂತ ಯಾಕ ಅನಸ್ತದ ನಿಮಗ?”

“ಆ ದಾರ್ಯಾಗ ಅವರು ದಿನಾ ಅಡ್ಯಾಡೋರು ಅಕ್ಕಾರ. ಮತ್ತ ಅವತ್ತ ಮುಂಜಾನೆ ಒಂದ ಮಾತ ಅಂದ್ರು. ‘ಒಂದ ವಿಷಯ ಹೊಟ್ಟ್ಯಾಗ ಇಟಗೊಂಡ ಸಾಕಾಗೇತಿ. ಅದನ್ನ ಹೇಳಿಬಿಟ್ರ ಸುರಜ ಮತ್ತ ನನ್ನ ಜೋಡಿ ಮಾತಾಡ್ತಾನ’ ಅಂತ. ಏನಂತ ಕೇಳಿದ್ರ ಹೇಳಲಿಲ್ಲ.”

ಸುರಜ ಜ್ಞಾನದೇವನ ತಮ್ಮ, ಕಾಗವಾಡದಲ್ಲಿ ಮೋಟರ್‌ಸೈಕಲ್ ಗ್ಯಾರೇಜು ಇಟ್ಟವನು. ಅವನ ಹೆಂಡತಿ ನೀಲಮ ಕಳೆದ ಸುಗ್ಗಿಯಲ್ಲಿ ಗಿರಿಜವ್ವನ ಒಣದ್ರಾಕ್ಷಿ ಶೆಡ್ಡಿನಲ್ಲಿ ಸತ್ತಿದ್ದಳು. ದ್ರಾಕ್ಷಿಗೆ ಹೊಂಬಣ್ಣ ಬರಲೆಂದು ಮುಚ್ಚಿದ ಕೋಣೆಯಲ್ಲಿ ಗಂಧಕದ ಹೊಗೆ ಹಾಕುತ್ತಾರೆ. ನೀಲಮ ಆ ಕೋಣೆಯೊಳಗಿದ್ದಳು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಬೇಡವೆಂದರೂ ಅವಳೇ ಒಳಗೆ ಹೋಗಿ ಎಚ್ಚರ ತಪ್ಪಿದಳು ಎಂದು ತೋಟದವರು ಹೇಳಿದರು. ಆ ದಿನ ಜ್ಞಾನದೇವ ಶೆಡ್ಡಿನ ಪಕ್ಕದ ಕಂಬದ ಮೇಲೆ ಕೆಲಸ ಮಾಡುತ್ತಿದ್ದ. ಅಣ್ಣ ಏನೋ ನೋಡಿಯೂ ಮುಚ್ಚಿಡುತ್ತಿದ್ದಾನೆ ಎಂದು ಸುರಜನಿಗೆ ಸಂಶಯ. ಅಂದಿನಿಂದ ಅವನು ಅಣ್ಣನ ಜೊತೆ ಮಾತು ಬಿಟ್ಟಿದ್ದ.

ರಾಜಮತಿ ಕಾಮಣ್ಣನ ಕಡೆ ತಿರುಗಿದರು. “ಇವತ್ತಿನ ಕೇಸಿಗೆ ತಾರೀಖು ತೊಗೊಳಾಕ ಹೇಳಿ ಬಾ. ಕಾರು ತಗಿ.”

ಅಂಕಲಿ ದಾಟಿ, ಕೃಷ್ಣೆಯ ಸೇತುವೆ ದಾಟಿ ಅವರು ಕಾಗವಾಡ ಠಾಣೆ ಮುಟ್ಟಿದಾಗ ಮೋಡ ಕಟ್ಟಿತ್ತು. ಮುಂಗಾರಿನ ಮೊದಲ ಮಳೆ, ಮಿರಗದ ಮಳೆ, ಇನ್ನೂ ಬಿದ್ದಿರಲಿಲ್ಲ. ಪಿಎಸ್ಐ ವಿಕ್ರಾಂತ ಮೂವತ್ತರ ಒಳಗಿನ ಹುರುಪಿನ ಅಧಿಕಾರಿ. ಅವನು ಅವರನ್ನು ಹಿಂದಿನ ಅಂಗಳಕ್ಕೆ ಕರೆದೊಯ್ದ. ಅಲ್ಲಿ ಬೇವಿನ ಗಿಡದ ಕೆಳಗೆ ಕರಿ ಬಣ್ಣದ ಹಳೇ ಬುಲೆಟ್ ನಿಂತಿತ್ತು. ಹೆಡ್‌ಲೈಟ್ ಒಡೆದು, ಮುಂದಿನ ಮಡ್‌ಗಾರ್ಡ್ ಮಡಚಿತ್ತು. ಉಳಿದಂತೆ ಗಟ್ಟಿಯಾಗಿಯೇ ಇತ್ತು.

“ಹಳೇ ಗಾಡಿ ಮೇಡಂ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನ ಗಾಡಿಗೆ ಪೂರಾ ಉಲ್ಟಾ. ಇದನ್ನ ಊರಾಗ ಅವನ ಬಿಟ್ರ ಅವನ ತಮ್ಮ ಒಬ್ಬಾಂವ ಹೊಡೀತಾನ, ಅಷ್ಟ. ಕ್ಲಚ್ ತ್ರಾಸ ಇತ್ತಂತ ಎಲ್ಲಾರೂ ಹೇಳ್ತಾರ. ಕತ್ತಲಾಗಿತ್ತು, ಪೂಲಿಗೆ ಕಟ್ಟಿ ಇಲ್ಲ, ಬಿದ್ದಾನ.”

“ಇದನ್ನ ಇಲ್ಲಿಗೆ ಹೆಂಗ ತಂದ್ರಿ?”

“ಹಗ್ಗ ಹಾಕಿ ಮ್ಯಾಲ ಜಗ್ಗಿ, ಟ್ರಾಲಿಗೆ ಎತ್ತಿ ಹಾಕಿ ತಂದ್ವಿ. ಗೇರಿಗಾಗ್ಲಿ ಕ್ಲಚ್ಚಿಗಾಗ್ಲಿ ಯಾರೂ ಕೈ ಹಚ್ಚಿಲ್ಲ. ನಾನ ಮುಂದ ನಿಂತಿದ್ದೆ.”

“ಕಾಮಣ್ಣ, ಸ್ವಲ್ಪ ಮುಂದಕ್ಕ ನೂಕು.”

ಕಾಮಣ್ಣ ಹ್ಯಾಂಡಲ್ ಹಿಡಿದು ನೂಕಿದ. ಗಾಡಿ ತಡೆಯಿಲ್ಲದೆ ಉರುಳಿತು. ರಾಜಮತಿ ಅವನ ಕಾಲ ಬಳಿ ಬಗ್ಗಿ ಗೇರಿನ ಲಿವರ್ ನೋಡಿದರು. ಆಮೇಲೆ ಎದ್ದು ನಿಂತು, “ಕ್ಲಚ್ ಹಿಡಿ” ಎಂದರು.

“ಛಲೋ ಐತ್ರಿ. ಬಿಗಿ ಐತಿ. ತ್ರಾಸೇನೂ ಕಾಣವಲ್ತು.”

ರಾಜಮತಿ ತಮ್ಮ ಎಡಗೈಯ ಎರಡು ಬೆರಳು ಮಡಚಿ, ಉಳಿದ ಬೆರಳುಗಳಿಂದ ಅದೇ ಲಿವರನ್ನು ಹಿಡಿಯಲು ನೋಡಿದರು. ಕಿರುಬೆರಳು ತುದಿಗೆ ತಾಗಿ ಜಾರಿತು. ಇನ್ನೊಮ್ಮೆ ನೋಡಿದರು, ಮತ್ತೆ ಜಾರಿತು. ಲಿವರಿನ ಬುಡದಲ್ಲಿ ಕೇಬಲ್ ಬಿಗಿಮಾಡುವ ಸಣ್ಣ ತಿರುಪು ಇತ್ತು. ಅದರ ಮೇಲೆಲ್ಲ ಹಳೇ ಧೂಳು, ಎಣ್ಣೆ. ಆದರೆ ಹೊರಗೆ ಬಂದಿದ್ದ ಹಲ್ಲುಗಳು ಮಾತ್ರ ಥಳಥಳ ಹೊಳೆಯುತ್ತಿದ್ದವು. ಕಾಮಣ್ಣ ಅದನ್ನು ನೋಡಿದ, ಏನೆಂದು ತಿಳಿಯಲಿಲ್ಲ.

ಗಿರಿಜವ್ವನ ಮನೆ ದ್ರಾಕ್ಷಿ ಚಪ್ಪರಗಳ ನಡುವೆ, ಕಾಲುವೆಯಿಂದ ಸ್ವಲ್ಪ ತಗ್ಗಿನಲ್ಲಿತ್ತು. ಮನೆಯ ಅಂಗಳದಿಂದ ಮಣ್ಣಿನ ದಾರಿಯೊಂದು ಏರುತ್ತ ಹೋಗಿ ಕಾಲುವೆಯ ಪೂಲಿಗೆ ಕೂಡುತ್ತಿತ್ತು. ಕಾಲುವೆ ಬತ್ತಿತ್ತು. ಕೆಳಗೆ ಹಾಸಿದ ಕಲ್ಲುಗಳ ಮೇಲೆ ಕರಿಯ ಕಲೆ ಇನ್ನೂ ಇತ್ತು. ಕಾಮಣ್ಣ ಮುಖ ತಿರುಗಿಸಿದ.

“ಅಂಗಳದಿಂದ ಇಲ್ಲಿತನಕ ಆ ಗಾಡಿ ನೂಕಿಕೊಂಡ ಬರಾಕ ಆಗತೈತೇನು?” ಎಂದು ರಾಜಮತಿ ಕೇಳಿದರು.

“ಈ ಏರಿಗೆ ಒಬ್ಬನ ಕೈಲೇ ಆಗೂದಿಲ್ರಿ. ಹೊಡಕೊಂಡ ಬರಬೇಕು.”

ಗಿರಿಜವ್ವ ಪಡಸಾಲೆಯಲ್ಲಿ ಕುಳಿತಿದ್ದರು. ಅರವತ್ತರ ಹತ್ತಿರದ ಗಟ್ಟಿ ಮೈಕಟ್ಟು, ಹೊಲದ ಕೆಲಸಕ್ಕೆ ಅನುಕೂಲವಾಗುವಂತೆ ಕಚ್ಚೆ ಹಾಕಿ ಉಟ್ಟ ಇಳಕಲ್ ಸೀರೆ. ಮೀನಖಂಡದ ಮೇಲೆ ಅರಿಶಿಣ ಹಚ್ಚಿದ ಸುಟ್ಟ ಗಾಯ. ಕಾಮಣ್ಣನ ಕಣ್ಣು ಅಲ್ಲಿಗೆ ಹೋದದ್ದು ಕಂಡು, “ಒಲಿಯೊಳಗಿನ ಕೊಳ್ಳಿ ಹತ್ತಿತ್ರಿ” ಎಂದರು.

“ಜ್ಞಾನದೇವ ನಮ್ಮನಿ ಮಗನಂಗ ಇದ್ದ. ನಮ್ಮ ಯಜಮಾನ್ರಿಗೆ ಅಣ್ಣಾ ಅಂತಿದ್ದ, ನನಗ ವೈನಿ ಅಂತಿದ್ದ. ಅವತ್ತ ಬಂದ, ಚಾ ಕುಡದ, ಹೊತ್ತ ಮುಣುಗಿದ ಮ್ಯಾಲ ಹ್ವಾದ. ಅಷ್ಟ ನನಗ ಗೊತ್ತಿದ್ದದ್ದು.”

“ಏನ್ ಮಾತಾಡಿದ?”

“ಮಳಿ ಬೆಳಿ ಸುದ್ದಿ.”

“ಆ ಗಾಡಿಗೆ ಕ್ಲಚ್ ತ್ರಾಸ ಇತ್ತಂತ.”

“ನನಗೇನ ತಿಳೀತದ್ರಿ ಗಾಡೀದು? ಯಜಮಾನ್ರ ಹಿಂದ ಕುಂತಾಕಿ ನಾ, ಅಷ್ಟ.”

ಮಗ ಅಮಿತ ಹೊರಗೆ ತನ್ನ ಹೊಸ ಗಾಡಿಯ ಪಕ್ಕ ನಿಂತಿದ್ದ. ಇಪ್ಪತ್ತೈದರ ಹುಡುಗ, ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಆ ಸಂಜೆ ತಾನು ಮಿರಜದ ಕೋಲ್ಡ್ ಸ್ಟೋರೇಜಿನಲ್ಲಿದ್ದೆ ಎಂದ. ಅದು ನಿಜವೆಂದು ಪೊಲೀಸರು ಆಗಲೇ ವಿಚಾರಿಸಿದ್ದರು. ನೀಲಮಳ ಹೆಸರು ಎತ್ತಿದ ಕೂಡಲೇ ಅವನು ಮೊಬೈಲ್ ಕಿವಿಗೆ ಹಚ್ಚಿಕೊಂಡು ಚಪ್ಪರದೊಳಗೆ ಹೋದ. ಅದು ರಿಂಗಾಗಿರಲಿಲ್ಲ.

ಹಿತ್ತಲಲ್ಲಿ ದನಗಳಿಗೆ ಕಣಿಕೆ ಹಾಕುತ್ತಿದ್ದ ಮುದುಕಿ ಸಕ್ಕುಬಾಯಿ ಆ ಮನೆಯಲ್ಲಿ ಹರೆಯದಿಂದ ದುಡಿದವಳು. ಆಕೆಗೆ ಕಣ್ಣು ಮಂದವಾಗಿತ್ತು, ಕಿವಿ ಮಂದವಾಗಿರಲಿಲ್ಲ.

“ಗಾಡಿ ಹೋಗಿದ್ದ ಕೇಳೇನ್ರಿ. ಅದರ ಸಪ್ಪಳ ನಂಗ ಬರೋಬ್ಬರಿ ಗೊತ್ತೈತಿ. ಯಜಮಾನ್ರು ಅವ್ವಾರಿಗೆ ಕಲಸೂ ಕಾಲದಿಂದ ಕೇಳಾಕತ್ತೇನಿ. ಅವತ್ತ ಮೊದಲ ಚಾಲೂ ಆತು, ಒಮ್ಮೆ ಜಿಗದಂಗ ಮಾಡಿ ಬಂದಾತು. ಸ್ವಲ್ಪ ಹೊತ್ತ ಬಿಟ್ಟ ಮತ್ತ ಚಾಲೂ ಆತು. ಆಮ್ಯಾಲ ಛಂದ ಹೋತು.”

“ಛಂದ ಅಂದ್ರ?”

“ದಿನಾ ಜ್ಞಾನದೇವ ಗೇರ ಹಾಕಿದ್ರ ‘ಖಟ್’ ಅಂತ ಕೊಡಲಿ ಬಡದಂಗ ಆಗತಿತ್ತು. ಹಾಲ ಹಿಂಡೂ ಎಮ್ಮಿ ಬೆದರತಿತ್ತು. ಅವತ್ತ ಖಟ್ ಅನ್ನಲಿಲ್ರಿ.”

ಠಾಣೆಗೆ ಮರಳಿ ರಾಜಮತಿ ವಿಕ್ರಾಂತನಿಗೆ ಒಂದೇ ಮಾತು ಹೇಳಿದರು. “ಗಾಡಿ ನ್ಯೂಟ್ರಲ್‌ನಾಗ ಐತಿ. ಓಡೂ ಗಾಡಿ ಬಿದ್ರ ಗೇರಿನಾಗ ಬೀಳ್ತದ. ಇದನ್ನ ಯಾರೋ ಪೂಲಿನ ಮ್ಯಾಲ ನಿಂದ್ರಿಸಿ, ಗೇರ ತಗದು, ಇಳದು ಕೆಳಗ ನೂಕ್ಯಾರ. ಇದು ಖೂನಿ.”

ವಿಕ್ರಾಂತ ಕೆಳಗೆ ಬಗ್ಗಿ ತಾನೇ ನೋಡಿದ. ಖೂನಿ ಎಂದಾದ ಮೇಲೆ ಅವನು ತಡ ಮಾಡಲಿಲ್ಲ. ರಾಜಮತಿ ಚಿಕ್ಕೋಡಿ ಮುಟ್ಟುವಷ್ಟರಲ್ಲಿ ಸುರಜನನ್ನು ಹಿಡಿದು ಒಳಗೆ ಹಾಕಿದ್ದ. ಆ ಗಾಡಿ ಹೊಡೆಯಬಲ್ಲ ಇನ್ನೊಬ್ಬನೆಂದರೆ ಅವನೇ. ಮಾತು ಬಿಟ್ಟವನು ಹಿಂದಿನ ವಾರ ಸಿಟ್ಟು ತಡೆಯದೆ ಗ್ಯಾರೇಜಿನ ಮುಂದೆ ಅಣ್ಣನ ಕೊರಳಪಟ್ಟಿ ಹಿಡಿದು, “ನಿನಗ ಒಳ್ಳೇ ಸಾವ ಬರೂದಿಲ್ಲ” ಎಂದದ್ದನ್ನು ಸಂತೆಗೆ ಬಂದವರೆಲ್ಲ ಕೇಳಿದ್ದರು. ಆ ಸಂಜೆ ಗ್ಯಾರೇಜಿನಲ್ಲಿ ಒಬ್ಬನೇ ಇದ್ದೆ ಎಂದ. ಸಾಕ್ಷಿ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ದ್ರೌಪದಿ ಮತ್ತೆ ಬಂದಳು. ಈ ಸಲ ಕುಳಿತುಕೊಳ್ಳಲಿಲ್ಲ.

“ಗಂಡನ್ನ ಕಳಕೊಂಡಿದ್ದೆ. ಈಗ ಮೈದುನನ್ನೂ ತಗೊಂಡ್ರಿ. ನಾ ನಿಮ್ಮ ಬಾಗಲಿಗೆ ಬರಬಾರದಿತ್ತು.”

ಅವಳು ಗಟ್ಟಿಯಾಗಿ ಹೇಳಲಿಲ್ಲ. ಆದರೂ ಕಾಮಣ್ಣನಿಗೆ ಕಪಾಳಕ್ಕೆ ಹೊಡೆದಂತಾಯಿತು. ನಿನ್ನೆ ಗಾಡಿ ನೂಕಿದ್ದು ತನ್ನ ಕೈ. ಆ ಕೈಯಿಂದಲೇ ಒಬ್ಬನನ್ನು ಜೈಲಿಗೆ ನೂಕಿದೆನೇನೋ ಎನಿಸಿ ಅವನು ನೆಲ ನೋಡಿದ. ರಾಜಮತಿ ದ್ರೌಪದಿಯ ಮುಂದೆ ಹೋಗಿ ನಿಂತರು.

“ನಾ ಹೇಳಿದ್ದು ಅರ್ಧ. ಇನ್ನರ್ಧಕ್ಕ ನಿಮ್ಮ ಮೈದುನನ ಕೂಡ ಮಾತಾಡಬೇಕು. ನಡೀರಿ.”

ಲಾಕಪ್ಪಿನ ಸರಳಿನ ಹಿಂದೆ ಸುರಜ ಮೊಣಕಾಲಿಗೆ ತಲೆ ಹಚ್ಚಿ ಕುಳಿತಿದ್ದ. ಎಣ್ಣೆ ಹಿಡಿದ ಉಗುರುಗಳು, ಒಡೆದ ತುಟಿ. ತುಟಿಯ ರಕ್ತ ಹೊಸದು. ರಾಜಮತಿ ವಿಕ್ರಾಂತನ ಕಡೆ ನೋಡಿದರು. ಅವನು ಬೇರೆ ಕಡೆ ನೋಡಿದ.

“ನಿಮ್ಮ ಅಣ್ಣನ ಗಾಡಿ ಕ್ಲಚ್ ಯಾರ್ ನೋಡಿಕೊಳ್ತಿದ್ರು?”

“ನಾನ ರಿ. ಮಾತ ಬಿಟ್ಟ ಮ್ಯಾಲೂ ಗಾಡಿ ನನ್ನ ಅಂಗಡಿ ಮುಂದ ನಿಂದ್ರಿಸಿ ಹೋಗ್ತಿದ್ದ. ನಾ ಮಾಡಿ ಇಡ್ತಿದ್ದೆ. ಅವನೂ ಮಾತಾಡ್ತಿರಲಿಲ್ಲ, ನಾನೂ ಮಾತಾಡ್ತಿರಲಿಲ್ಲ.”

“ಹೆಂಗ ಇಡತಿದ್ದಿ ಕ್ಲಚ್?”

“ಪೂರಾ ಸಡಲ. ದಾದಾಗ ಬೆರಳಿಲ್ಲಲ್ರಿ. ಬಿಗಿ ಇಟ್ರ ಲಿವರ್ ದೂರ ನಿಂದರತೈತಿ, ಅವನ ಕೈಗೆ ನಿಲಕೂದಿಲ್ಲ. ಸಡಲ ಬಿಟ್ರ ಹ್ಯಾಂಡಲ್ ಹತ್ರ ಬರತೈತಿ. ಆದ್ರ ಕ್ಲಚ್ ಪೂರ್ತಿ ಬಿಡೂದಿಲ್ಲ, ಗೇರ ಖಟ್ ಅಂತ ಬೀಳತೈತಿ. ಹೊಸಬರು ಹೊಡದ್ರ ಗೇರ ಹಾಕಿದ ಕೂಡ್ಲೆ ಜಿಗದ ಬಂದ ಆಗತೈತಿ. ದಾದಾಗ ರೂಢಿ ಆಗಿತ್ತು.”

ರಾಜಮತಿ ಸರಳಿನ ಒಳಗೆ ಕೈ ಹಾಕಿ ಅವನ ಹೆಗಲು ಮುಟ್ಟಿದರು. “ಸಂಜಿಗೆ ನಿನ್ನ ಮನಿಗೆ ಕಳಸ್ತೀನಿ” ಎಂದರು.

ಅದೇ ಮಧ್ಯಾಹ್ನ ಎಲ್ಲರೂ ಗಿರಿಜವ್ವನ ಅಂಗಳದಲ್ಲಿ ಸೇರಿದರು. ರಾಜಮತಿಯ ಮಾತಿಗೆ ವಿಕ್ರಾಂತ ಒಲ್ಲದ ಮನಸ್ಸಿನಿಂದಲೇ ಒಪ್ಪಿದ್ದ. ಬುಲೆಟ್ಟನ್ನು ಟೆಂಪೊದಿಂದ ಇಳಿಸಿ ನಡು ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದರು. ಗಿರಿಜವ್ವ ಕಟ್ಟೆಯ ಮೇಲೆ, ಅಮಿತ ಕಂಬಕ್ಕೆ ಒರಗಿ, ದ್ರೌಪದಿ ದೂರದಲ್ಲಿ ಒಬ್ಬಳೇ. ಸುರಜನ ಪಕ್ಕ ಇಬ್ಬರು ಕಾನ್‌ಸ್ಟೇಬಲ್ಲರು.

“ಸಕ್ಕುಬಾಯಿ, ನೀವು ಹಿತ್ತಲಿಗೆ ಹೋಗಿ ಅವತ್ತ ನಿಂತ ಜಾಗದಾಗ ನಿಂದರ್ರಿ. ಬರೇ ಕೇಳ್ರಿ” ಎಂದರು ರಾಜಮತಿ. “ಸುರಜ, ಅಣ್ಣ ಹೊಡೀತಿದ್ದಂಗ ಕ್ಲಚ್ ಇಡು.”

ಸುರಜ ತಿರುಪನ್ನು ಬೆರಳಿನಿಂದ ತಿರುಗಿಸಿ ಸಡಿಲು ಮಾಡಿದ. ಲಿವರ್ ಜೋತುಬಿತ್ತು. ಕಿಕ್ ಹೊಡೆದ. ಎರಡು ಮೂರು ಸಲ ಕೆಮ್ಮಿ ಗಾಡಿ ಚಾಲೂ ಆಯಿತು. ಕ್ಲಚ್ ಹಿಡಿದು ಗೇರು ಹಾಕಿದ. ‘ಖಟ್’ ಎಂಬ ಸದ್ದಿಗೆ ಹಿತ್ತಲಲ್ಲಿ ಎಮ್ಮೆ ಒದರಿತು.

“ಇದು ಜ್ಞಾನದೇವ” ಎಂದು ಮುದುಕಿಯ ದನಿ ಕೇಳಿಸಿತು.

“ಈಗ ಗಾಡಿ ಸಿಕ್ಕಾಗ ಹೆಂಗಿತ್ತೋ ಹಂಗ ಬಿಗಿ ಮಾಡು.”

ಸುರಜ ಹೊಳೆಯುವ ಹಲ್ಲುಗಳು ಮತ್ತೆ ಹೊರಗೆ ಕಾಣುವವರೆಗೆ ತಿರುಪು ತಿರುಗಿಸಿದ. ಈ ಸಲ ಗೇರು ಬಿದ್ದದ್ದು ಅಂಗಳದಲ್ಲಿದ್ದವರಿಗೂ ಸರಿಯಾಗಿ ಕೇಳಿಸಲಿಲ್ಲ.

ಸಕ್ಕುಬಾಯಿ ಗೋಡೆ ಹಿಡಿದುಕೊಂಡು ಬಂದಳು. “ಇದ ರಿ. ಅವತ್ತ ಹೋಗಿದ್ದು ಇದ ಸಪ್ಪಳ.”

ಗಾಡಿ ಬಂದ್ ಆಯಿತು. ರಾಜಮತಿ ಅದರ ಸೀಟಿನ ಮೇಲೆ ಕೈ ಇಟ್ಟುಕೊಂಡು ಮಾತಾಡಿದರು.

“ಸಕ್ಕುಬಾಯಿ ಗಾಡಿ ಸಪ್ಪಳ ಕೇಳಿದ್ಲು, ಅದಕ್ಕ ಆ ಹೊತ್ತಿಗೆ ಜ್ಞಾನದೇವ ಜೀವಂತ ಇದ್ದ ಅಂತ ಎಲ್ಲಾರೂ ತಿಳಕೊಂಡ್ರಿ. ಆದ್ರ ತಿರುಪಿನ ಹಲ್ಲು ಇನ್ನೂ ಹೊಳೀತಾವ, ಅಂದ್ರ ಕ್ಲಚ್ ಬಿಗಿ ಮಾಡಿದ್ದು ಈಗ ಹೊಸದಾಗಿ; ಈ ಬಿಗಿ ಕ್ಲಚ್ ಅವನ ಮೂರು ಬೆರಳಿಗೆ ನಿಲಕೂದಿಲ್ಲ. ನಾನು ಬೆರಳ ಮಡಚಿ ನೋಡೇನಿ. ಅಂದ್ರ ಈ ಅಂಗಳದಿಂದ ಪೂಲಿನ ತನಕ ಗಾಡಿ ಹೊಡಕೊಂಡ ಹೋದವರು ಬ್ಯಾರೇದವರು. ಅಷ್ಟೊತ್ತಿಗೆ ಅವನು ಸತ್ತು ಕಾಲುವ್ಯಾಗ ಬಿದ್ದಿದ್ದ. ಗಾಡಿ ಇಲ್ಲೇ ಉಳದ್ರ ಸಂಶಯ ಬರತೈತಿ ಅಂತ ಅವನ ಹತ್ರ ಒಯ್ದು ಕೆಡವಿದ್ರು.”

“ಅದನ್ನ ನಾನೂ ಹೇಳಾಕತ್ತೀನಿ ಮೇಡಂ” ಎಂದ ವಿಕ್ರಾಂತ. “ಈ ಗಾಡಿ ಹೊಡ್ಯಾಕ ಬರೂದು ಸುರಜಗ.”

“ಸುರಜ ಆಗಿದ್ರ ಗಾಡಿ ಮೊದಲ ಸಲ ಯಾಕ ಜಿಗದ ಬಂದ್ ಆತು? ಆ ಕ್ಲಚ್ ಸಡಲ ಇಟ್ಟಾಂವನ ಅಂವ. ದಿನಾ ಹಂಗ ಹೊಡದು ನೋಡಿ ಅಣ್ಣಗ ಕೊಡಾಂವ. ಒಂದ ವ್ಯಾಳೆ ಬಿಗಿ ಮಾಡಿದ್ರೂ, ಅಣ್ಣನ ಕೈಗೆ ಅದು ನಿಲಕೂದಿಲ್ಲ ಅಂತ ಊರಾಗ ಎಲ್ಲಾರಿಗಿಂತ ಛಲೋ ಗೊತ್ತಿದ್ದಾಂವ ಹಂಗ ಬಿಟ್ಟು ಹೋಗತಿದ್ನೇನು?”

ವಿಕ್ರಾಂತ ಬಗ್ಗಿ ತಿರುಪಿನ ಹಲ್ಲುಗಳನ್ನು ಇನ್ನೊಮ್ಮೆ ನೋಡಿದ.

“ಅಮಿತ ಮಿರಜದಾಗ ಇದ್ದ. ಇದ್ದಿಲ್ಲ ಅಂದ್ರೂ ಎಡಗಾಲ ಗೇರಿನ ಗಾಡಿ ಮ್ಯಾಲ ಬೆಳದ ಹುಡುಗ, ಕತ್ತಲದಾಗ ಈ ಗಾಡಿ ಏರಿಗೆ ಹತ್ತಸೂದು ಆಗದ ಮಾತು. ಈ ಗಾಡಿಗೆ ಹಿಮ್ಮಡಿ ಕೆಳಗ ಇನ್ನೊಂದು ಸಣ್ಣ ಲಿವರ್ ಐತಿ. ಕ್ಲಚ್ ಹಿಡದು ಅದನ್ನ ತುಳದ್ರ ನ್ಯೂಟ್ರಲ್ ಬೀಳತೈತಿ. ಹೊಸಾ ಗಾಡಿಗೆ ಅದಿಲ್ಲ. ಪೂಲಿನ ಮ್ಯಾಲ ನಿಂತ ಕೂಡ್ಲೆ ಹಿಮ್ಮಡಿಲೆ ತುಳದು ಗೇರ ತಗದವರು ಇದನ್ನ ಚೊಕ್ಕ ಕಲತವರು. ಆದ್ರ ಬಾಳ ವರ್ಷ ಮುಟ್ಟದವರು. ಅದಕ್ಕ ಸಡಲ ಕ್ಲಚ್ ಅವರಿಗೆ ದೋಷ ಅನಿಸ್ತು. ತಮಗ ಕಲಿಸಿದಂಗ ಬಿಗಿ ಮಾಡಿದ್ರು.”

ರಾಜಮತಿ ಕಟ್ಟೆಯ ಕಡೆ ತಿರುಗಿದರು.

“ಗಿರಿಜವ್ವಾರ, ಯಜಮಾನ್ರ ಹಿಂದ ಕುಂತಾಕಿ ಅಷ್ಟ ಅಂದ್ರಿ. ಸಕ್ಕುಬಾಯಿ ನಿನ್ನೆ ಒಂದ ಮಾತ ಅಂದ್ಲು, ‘ಯಜಮಾನ್ರು ಅವ್ವಾರಿಗೆ ಕಲಸೂ ಕಾಲದಿಂದ’ ಈ ಸಪ್ಪಳ ಕೇಳೇನಿ ಅಂತ. ಏನ್ ಕಲಿಸಿದ್ರು ನಿಮಗ?”

ಸಕ್ಕುಬಾಯಿ ಬಾಯಿಗೆ ಸೆರಗು ಹಚ್ಚಿಕೊಂಡಳು. ತಾನು ಏನು ಹೇಳಿದೆನೆಂದು ಆಕೆಗೆ ಆಗ ಹೊಳೆಯಿತು.

“ನಿಮ್ಮ ಕಾಲಿನ ಗಾಯ ಕೊಳ್ಳೀದಲ್ಲ” ಎಂದರು ರಾಜಮತಿ. “ಉದ್ದಕ, ಕೊಳವಿ ಒತ್ತಿದಂಗ ಐತಿ. ಗಾಡಿ ನೂಕೂವಾಗ ಸೈಲೆನ್ಸರ್ ತಾಗೇತಿ. ಡಾಕ್ಟರು ನೋಡಿದ್ರ ಹೇಳ್ತಾರ.”

ಗಿರಿಜವ್ವ ಸೀರೆಯ ಅಂಚನ್ನು ಗಾಯದ ಮೇಲೆ ಎಳೆದುಕೊಂಡರು. ಆಮೇಲೆ, ಯಾರಿಗೂ ಅಲ್ಲದಂತೆ ಮಾತು ಶುರುಮಾಡಿದರು.

“ಲಗ್ನಾದ ಹೊಸದಾಗ ಕಲಿಸಿದ್ರು. ಮಾವನವರು ಊರಿಗೆ ಹ್ವಾದಾಗ, ಚಪ್ಪರದ ನಡುವಿನ ದಾರ್ಯಾಗ. ಊರಿಗೆ ಗೊತ್ತಿರಲಿಲ್ಲ. ಕ್ಲಚ್ ಸಡಲ ಇರಬಾರದು ಗಿರಿಜಾ, ಕೈ ಮಾತ ಗಾಡಿಗೆ ತಿಳೀಬೇಕು ಅಂತಿದ್ರು.”

“ಅವ್ವಾ” ಎಂದ ಅಮಿತ.

“ನೀ ಸುಮ್ಮನಿರು.” ಗಿರಿಜವ್ವ ದ್ರೌಪದಿಯ ಕಡೆ ನೋಡಲಿಲ್ಲ. “ಜ್ಞಾನದೇವ ಬಂದು ಹೇಳಿದ, ‘ವೈನಿ, ಅವತ್ತ ಚಿಲಕ ಹೊರಗಿಂದ ಹಾಕಿತ್ತು, ನಾ ಕಂಬದ ಮ್ಯಾಲಿಂದ ನೋಡೇನಿ. ಇನ್ನ ಮುಚ್ಚಿಡಾಕ ಆಗೂದಿಲ್ಲ. ನಾಳೆ ಠಾಣೆಗೆ ಹೋಗ್ತೀನಿ. ಅಣ್ಣನ ಉಪ್ಪ ಉಂಡೇನಿ, ಅದಕ್ಕ ಮೊದಲ ನಿಮಗ ಹೇಳಾಕ ಬಂದೇನಿ’ ಅಂದ. ನಾ ಕೈ ಮುಗದೆ. ಕಾಲ ಹಿಡೀತೀನಿ ಅಂದೆ. ಅಂವ ಅತ್ತ, ಆದ್ರ ಒಪ್ಪಲಿಲ್ಲ. ಮೋಟಾರಿನ ವಾಯರ್ ಹರದೈತಿ, ಪೂಲಿನ ಹತ್ರ ಒಂದೀಟ ನೋಡಿ ಹೋಗು ಅಂತ ಕರಕೊಂಡ ಹ್ವಾದೆ. ಅಂವ ಅಂಚಿಗೆ ಬಗ್ಗಿ ವಾಯರ್ ಹುಡಕಾಕತ್ತಿದ್ದ.”

ಆಕೆ ಎರಡೂ ಕೈ ಮುಂದೆ ಚಾಚಿ ನೂಕಿದಂತೆ ತೋರಿಸಿದರು. ಚಪ್ಪರದೊಳಗೆ ಎಲ್ಲೋ ಹಕ್ಕಿ ಓಡಿಸುವ ಡಬ್ಬಿ ಬಡಿದ ಸದ್ದು ಕೇಳುತ್ತಿತ್ತು.

“ಕೂಡ್ಲೆ ಜೀವ ಹೋಗಲಿಲ್ಲ. ಕೆಳಗಿಂದ ಒಮ್ಮೆ ‘ವೈನಿ’ ಅಂದ. ಮ್ಯಾಲ ಎತ್ತು ಅನ್ನೂವಂಗ. ನಾ ನಿಂತ ಕೇಳಿದೆ. ಆಮ್ಯಾಲ ಸುಮ್ಮನಾದ. ಆಮ್ಯಾಲ ನಾ ಗಾಡಿ ತರಾಕ ಬಂದೆ.”

ದ್ರೌಪದಿ ನಿಂತಲ್ಲೇ ನೆಲದ ಮೇಲೆ ಕುಳಿತಳು. ಕಾಮಣ್ಣ ನೀರಿನ ಚೊಂಬು ಹಿಡಿದುಕೊಂಡು ಹೋದ. ಅವಳು ಅದನ್ನು ಕುಡಿಯದೆ ಪಕ್ಕಕ್ಕೆ ಇಟ್ಟಳು.

“ಮಗನ ಸಲುವಾಗಿ ಮಾಡೀನಿ” ಎಂದು ಗಿರಿಜವ್ವ ವಿಕ್ರಾಂತನಿಗೆ ಹೇಳಿದರು. “ನನ್ನ ಒಬ್ಬಾಕಿನ್ನ ಒಯ್ರಿ. ಚಿಲಕದ ಮಾತು ಸುಳ್ಳ. ಅದನ್ನ ನೋಡಿದಾಂವ ಈಗ ಇಲ್ಲ.”

ಅಮಿತ ಕಂಬ ಬಿಟ್ಟು ಮುಂದೆ ಬಂದ. ಅವನ ಮುಖ ಬೂದಿಯಂತಾಗಿತ್ತು. ಅವನು ತಾಯಿಯನ್ನು ನೋಡದೆ ಸೀದಾ ಸುರಜನ ಮುಂದೆ ಹೋಗಿ ನಿಂತ.

“ಚಿಲಕ ನಾ ಹಾಕೀನಿ. ಎಲ್ಲಾರೂ ಹೊರಗ ಬಂದಾರ ಅಂತ ತಿಳಕೊಂಡೆ. ಎಣಿಸಲಿಲ್ಲ. ಆಮ್ಯಾಲ ಬಡದ ಸಪ್ಪಳ ಬಂತು. ಗಾಳಿಗೆ ಶೆಡ್ಡಿನ ತಗಡಿನ ಪತ್ರಾಸ ಬಡ್ಯಾಕತ್ತೈತಿ ಅಂದಕೊಂಡೆ. ಮೊಬೈಲ್ ನೋಡಕೋತ ಕುಂತಿದ್ದೆ. ಸಂಜಿಗೆ ತಗದಾಗ ನೀಲಮಕ್ಕ ಬಾಗಲಕ್ಕ ಹತ್ತಿ ಬಿದ್ದಿದ್ಲು. ಚಿಲಕದ ಸುದ್ದಿ ಯಾರಿಗೂ ಗೊತ್ತಾಗಬಾರದಂತ ಅವ್ವ ಮತ್ತ ನಾನು ಆಕಿನ್ನ ಗಿಡದ ಕೆಳಗ ತಂದ ಹಾಕಿದ್ವಿ.”

“ಅಮಿತಾ” ಎಂದರು ಗಿರಿಜವ್ವ. ಆಕೆಯ ದನಿ ಮೊದಲ ಸಲ ಒಡೆಯಿತು.

“ನಾನ ಹೇಳ್ತಿದ್ನೆವ್ವಾ” ಎಂದ ಅವನು. “ದಿನಾ ಹೇಳಬೇಕಂತಿದ್ದೆ. ಜ್ಞಾನದೇವ ಕಾಕಾನ್ನ ಯಾಕ ಕೊಂದಿ?”

ಯಾವ ಮಾತು ಹೊರಗೆ ಬರಬಾರದೆಂದು ಗಿರಿಜವ್ವ ಒಬ್ಬನನ್ನು ಕಲ್ಲಿನ ಮೇಲೆ ಕೆಡವಿದ್ದರೋ, ಆ ಮಾತನ್ನು ಮಗ ತಾನೇ ಅಂಗಳದಲ್ಲಿ ನಿಂತು ಆಡಿಬಿಟ್ಟಿದ್ದ. ಮಹಿಳಾ ಕಾನ್‌ಸ್ಟೇಬಲ್ ಬಂದು ತೋಳು ಹಿಡಿದಾಗ ಆಕೆ ಎದ್ದು, ಸೆರಗು ಸರಿಮಾಡಿಕೊಂಡು, ಜೀಪಿನ ಕಡೆ ತಾನಾಗಿ ನಡೆದರು. ಅಮಿತನನ್ನು ಬೇರೆ ಗಾಡಿಯಲ್ಲಿ ಕೂರಿಸಿದರು. ಸುರಜ ಅವನ ಮೇಲೆ ಕೈ ಎತ್ತಬಹುದೆಂದು ಕಾಮಣ್ಣ ಹತ್ತಿರವೇ ನಿಂತಿದ್ದ. ಸುರಜ ಎತ್ತಲಿಲ್ಲ. ಅವನಲ್ಲಿ ಎತ್ತುವ ಶಕ್ತಿಯೇ ಉಳಿದಿರಲಿಲ್ಲ.

ಕಾನ್‌ಸ್ಟೇಬಲ್ಲರು ಅವನನ್ನು ಬಿಟ್ಟು ಸರಿದರು. ವಿಕ್ರಾಂತ ಬಂದು, “ತಪ್ಪಾತು” ಎಂದು ಅವನ ತುಟಿಯ ಗಾಯವನ್ನು ನೋಡುತ್ತ ಹೇಳಿದ. ಸುರಜನಿಗೆ ಅದು ಕೇಳಿಸಿತೋ ಇಲ್ಲವೋ. ಅವನು ಅತ್ತಿಗೆಯ ಮುಂದೆ ಹೋಗಿ ನೆಲದ ಮೇಲೆ ಕುಳಿತ.

“ವೈನಿ, ದಾದಾ ಮೊದಲ ನನಗ ಯಾಕ ಹೇಳಲಿಲ್ಲ?”

“ನೀ ಮಾತ ಬಿಟ್ಟಿದ್ದೆಲ್ಲೋ.”

“ನಾ ಅವನಿಗೆ ಒಳ್ಳೇ ಸಾವ ಬರೂದಿಲ್ಲ ಅಂದಿದ್ದೆ.”

“ಮನಿಗೆ ಬಂದು ಹೇಳಿದ್ರು. ನನ್ನ ತಮ್ಮಗ ಸಿಟ್ಟ ಬಂದೈತಿ, ಅದು ಖರೇ ಸಿಟ್ಟ, ಅದನ್ನ ನಾನ ಇಳಸಬೇಕು ಅಂದ್ರು.”

ಸುರಜ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ದ್ರೌಪದಿ ಅವನ ಬೆನ್ನ ಮೇಲೆ ಕೈ ಇಟ್ಟು, ಅವನು ಅತ್ತು ಮುಗಿಸುವವರೆಗೂ ಹಾಗೆಯೇ ಕುಳಿತಳು.

ಕಾರಿನಲ್ಲಿ ಬಿಡುತ್ತೇನೆಂದು ಕಾಮಣ್ಣ ಕರೆದ. ಇಬ್ಬರೂ ಬೇಡವೆಂದರು. ಪೂಲು ದಾಟಿ ಹೋದರೆ ಅವರ ಓಣಿ ಹತ್ತಿರ. ಆದರೆ ದ್ರೌಪದಿ ಆ ದಾರಿಗೆ ಕಾಲಿಡಲಿಲ್ಲ. ಮೈದುನನ ಕೈ ಹಿಡಿದುಕೊಂಡು ಊರು ಸುತ್ತಿ ಹೋಗುವ ಡಾಂಬರು ರಸ್ತೆ ಹಿಡಿದಳು.

ಕಾರು ಕೃಷ್ಣೆಯ ಸೇತುವೆ ಏರಿತು. ಕಾಮಣ್ಣ ತಡೆಯಲಾರದೆ ಕೇಳಿದ, “ಅಕ್ಕಾರ, ಅಂವ ಸೀದಾ ಠಾಣೆಗೆ ಹೋಗಿದ್ರ ಇವತ್ತ ಬದಕಿರತಿದ್ದ. ಗಿರಿಜವ್ವಾರಿಗೆ ಮೊದಲ ಯಾಕ ಹೇಳಾಕ ಹ್ವಾದ?”

“ಜೀವ ಉಳಿಸಿದ ಮನಿ ಕಾಮಣ್ಣ. ಹಿಂದಿನಿಂದ ಹೊಡೀಬಾರದು ಅಂತ ಎದರಿಗೆ ಹೋಗಿ ನಿಂತ.”

ರಾಜಮತಿ ಕಿಟಕಿಯ ಗಾಜು ಇಳಿಸಿದರು. ಹೊಳೆಯ ಮೇಲಿನ ಗಾಳಿ ಒಳಗೆ ಬಂತು. ಅವರು ಕಣ್ಣು ಒರೆಸಿಕೊಂಡದ್ದನ್ನು ಕಾಮಣ್ಣ ಕನ್ನಡಿಯಲ್ಲಿ ನೋಡಿದ, ನೋಡಿದೆನೆಂದು ತೋರಿಸಿಕೊಳ್ಳದೆ ಕಾರು ಓಡಿಸಿದ.